ಕಂಡವರ ಕೋಡಿಗೆ ಅಂಕ ಹಾಕಿದ ವರ್ಷಗಳು

ನಿವೃತ್ತಳಾಗಿ ಒಂದು ವರ್ಷವಾಯಿತು. ನಾನು ಏನು ಕೆಲಸ ಮಾಡುತ್ತಿದ್ದೆ ಅನ್ನುವುದು ನ್ಯಾಮತಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳ ಡಿಸೈನ್ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವ ಕೆಲಸ ಅಂತ ಒಮ್ಮೆ ನಮ್ಮ ಚಿಕ್ಕಮ್ಮನಿಗೆ ಹೇಳಿದ್ದೆ. ಅಷ್ಟರಲ್ಲಿ ಅವರಿಗೆ ತಿಳಿದದ್ದು ಡಿಸೈನ್ ಅನ್ನುವ ಒಂದೇ ಪದ. ಮುಂದಿನ ಮದುವೆಗೆ ಸೀರೆ ತರುವಾಗ ನನ್ನನ್ನೇ ಮುಂದೆ ಮಾಡಿಕೊಂಡು ಅಂಗಡಿಗೆ ಹೋದರು. "ಇವಳಿಗೆ ಡಿಸೈನ್ ನೋಡೋದೇ ನೌಕರಿ. ಸುಮ್ನೆ ಹಳೇ ಸ್ಟಾಕ್ ತೋರಿಸ್ಬ್ಯಾಡ್ರಿ" ಅಂತ ಅಂಗಡಿಯವರಿಗೆ ಎಚ್ಚರಿಕೆ ಕೊಟ್ಟರು. ನಾನೂ ಗಂಭೀರವಾಗಿ ಸೆರಗು ತಿರುಗಿಸಿ, ಹಿಂಬದಿಯ ದಾರ ನೋಡಿ, ಮೂರು ಸೀರೆ ತಿರಸ್ಕರಿಸಿದೆ. ಮುಂಬದಿ ಬಿಟ್ಟು ಹಿಂಬದಿ ನೋಡುವುದು ನನ್ನ ವೃತ್ತಿಯ ಚಾಳಿ.

ಈಗ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಯಾವ ಟೂಲ್ ಬಳಸಬೇಕು, ಯಾವ ಅಳತೆ ಸರಿ ಅಂತ ಕೇಳುತ್ತಾರೆ. ಟೂಲಿನ ವಿಷಯ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ನನ್ನ ಹತ್ತಿರ ಇರುವುದು ನಾನು ಮಾಡಿದ ಎಡವಟ್ಟುಗಳು. ಅವನ್ನು ಬರೆದಿಡುತ್ತೇನೆ.

ಹೊನ್ನಾಳಿಯಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ ಇತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿ ಗ್ರಂಥಾಲಯಗಳಿಗೆ, ಹಾಲಿನ ಡೈರಿಗಳಿಗೆ, ನೀರು ಬಳಕೆದಾರರ ಸಂಘಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಹುಡುಕಿ, ಹಾಕಿ, ಕಲಿಸಿ ಬರುವುದು ಅದರ ಕೆಲಸ. ಎಲ್ಲವೂ ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಲೂಬಹುದು. ಕೇಳಲು ಬಹಳ ಚೆಂದ. ಆದರೆ ಮೊದಲು ಹಾಕಿದ ಡೈರಿ ಪ್ರೋಗ್ರಾಂ ಒಂದು ದಿನ ಬೆಳಗ್ಗೆ ನಿಂತುಹೋಯಿತು. ಅದನ್ನು ಬರೆದವನು ಯಾವುದೋ ದೇಶದಲ್ಲಿದ್ದ, ಬರೆಯುವುದನ್ನೇ ಬಿಟ್ಟಿದ್ದ. ತಿದ್ದೋಣ ಅಂತ ಒಳಗೆ ಹೊಕ್ಕವರು ಒಬ್ಬರೂ ದಾರಿ ಕಂಡು ಹೊರಗೆ ಬರಲಿಲ್ಲ.

ಆಗ ಸಂಸ್ಥೆಯ ಮೇಲಧಿಕಾರಿ ರುದ್ರೇಶಪ್ಪನವರು. ನೀರಾವರಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿ ಬಂದವರು. ನಾನಿನ್ನೂ ಸಂಸ್ಥೆಗೆ ಸೇರಿರಲಿಲ್ಲ, ಅದೇ ಬೀದಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಒಂದು ದಿನ ಕರೆಸಿ ಕೂರಿಸಿದರು.

"ನೋಡ್ರಿ ಮಂಗಳಾ, ನಾವು ಒಡ್ಡು ಕಟ್ಟಾಕೆ ಮುಂಚೆ ಮಣ್ಣು ನೋಡ್ತಿದ್ವಿ. ಈ ಪ್ರೋಗ್ರಾಂಗಳನ್ನ ಹಾಕಾಕೆ ಮುಂಚೆ ಒಳಗೆ ಹೊಕ್ಕು ನೋಡೋರು ಬೇಕು. ಓಡ್ತೈತೋ ಇಲ್ವೋ ಅಂತಲ್ಲ. ನಾಳೆ ತಿದ್ದಾಕೆ ಬರ್ತೈತೋ ಇಲ್ವೋ ಅಂತ. ನೋಡ್ತೀರಾ?"

"ಹೆಂಗೆ ನೋಡ್ಬೇಕು ಸಾರ್?" ಅಂದೆ.

"ಅದು ನಂಗೂ ಗೊತ್ತಿಲ್ಲ" ಅಂದರು. ನೇಮಕ ಆಯಿತು.

ಹೇಗೆ ನೋಡುವುದು ಅಂತ ಹೇಳಿಕೊಡುವವರು ಇಲ್ಲದ್ದರಿಂದ ನಾನೇ ಒಂದು ಪದ್ಧತಿ ಕಂಡುಹಿಡಿದೆ. ಗ್ರಂಥಾಲಯದ ಪ್ರೋಗ್ರಾಂ ಒಂದರ ಅಷ್ಟೂ ಫೈಲುಗಳನ್ನು ಪ್ರಿಂಟ್ ತೆಗೆದು ಆಫೀಸಿನ ಹಜಾರದ ನೆಲದ ಮೇಲೆ ಹರಡಿದೆ. ಒಂದು ಫೈಲು ಇನ್ನೊಂದನ್ನು ಕರೆಯುವ ಕಡೆಯೆಲ್ಲ ಟೇಲರ್ ಅಂಗಡಿಯಿಂದ ತಂದ ದಾರದ ಒಂದು ತುದಿಯನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಅಂಟಿಸಿದೆ. ಎರಡು ದಿನದಲ್ಲಿ ಹಜಾರ ಜೇಡರ ಬಲೆಯಾಯಿತು. ರುದ್ರೇಶಪ್ಪನವರು ತಮ್ಮ ಕೋಣೆಗೆ ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು.

ಮೂರನೇ ದಿನ ಕಸ ಗುಡಿಸಲು ಬಂದ ಕೆಂಚಮ್ಮ ಬಾಗಿಲಲ್ಲೇ ನಿಂತಳು. "ಅಕ್ಕಾ, ನಾನೆಲ್ಲಿ ಕಾಲಿಡ್ಲಿ?"

"ದಾರ ತುಳೀಬ್ಯಾಡ, ಕಾಗದ ತುಳಿ" ಅಂದೆ.

ಅವಳು ಕುಂಟಾಬಿಲ್ಲೆ ಆಡುವವಳಂತೆ ಒಂದೊಂದೇ ಕಾಗದದ ಮೇಲೆ ಹಾರಿ ಹಾರಿ ಬಂದಳು. ಹಜಾರದ ನಡುವೆ ಬಂದವಳು ಒಂಟಿ ಕಾಲಲ್ಲೇ ನಿಂತು ಕೆಳಗೆ ನೋಡಿದಳು. "ಎಲ್ಲಾ ದಾರನೂ ಈ ಕಾಗದಕ್ಕೇ ಬಂದೈತಲ್ಲಕ್ಕ. ಇದೊಂದನ್ನ ಎತ್ತಿದ್ರೆ ಇಡೀ ಮನೇನೇ ಎದ್ದು ಬರ್ತೈತೆ." ಹಾಗೆ ಅಂದು ಸುಮ್ಮನಿರದೆ ಎತ್ತಿಯೇ ಬಿಟ್ಟಳು. ಅರ್ಧ ಹಜಾರದ ಕಾಗದ ಪರಪರ ಅಂತ ಮೇಲೆದ್ದು ಅವಳ ಸೀರೆಗೆ ಸುತ್ತಿಕೊಂಡಿತು. ಅವಳನ್ನು ಬಿಡಿಸಲು ಹೋಗಿ ನಾನೂ ಸಿಕ್ಕಿಕೊಂಡೆ. ನಮ್ಮಿಬ್ಬರನ್ನು ಬಿಡಿಸಲು ರುದ್ರೇಶಪ್ಪನವರೇ ಕತ್ತರಿ ಹಿಡಿದು ಬಂದರು. ಕತ್ತರಿಸುತ್ತಾ ಕತ್ತರಿಸುತ್ತಾ, "ಅಲ್ರೀ, ವರದಿ ಇಷ್ಟೇ ಸಾಕಲ್ಲ. ಒಂದನ್ನ ಮುಟ್ಟಿದ್ರೆ ಎಲ್ಲಾ ಏಳ್ತೈತೆ ಅಂತ ಬರೀರಿ" ಅಂದರು. ನನ್ನ ಮೊದಲ ವರದಿ ಆ ಒಂದೇ ವಾಕ್ಯ. ಮುಂದೆ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನೇ ದೊಡ್ಡ ದೊಡ್ಡ ಹೆಸರಲ್ಲಿ ಓದಿದೆ. ಅವುಗಳಲ್ಲಿ ಒಂದೂ ಕೆಂಚಮ್ಮನಷ್ಟು ಬೇಗ ಹೇಳಿ ಮುಗಿಸಲಿಲ್ಲ.

ರುದ್ರೇಶಪ್ಪನವರ ನಂತರ ಪ್ರಕಾಶ್ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಚುರುಕು. ಅಷ್ಟು ಹೊತ್ತಿಗೆ ದಾರದ ಕಾಲ ಮುಗಿದು, ಕೋಡನ್ನು ಅಳೆಯುವ ಟೂಲ್‌ಗಳು ಬಂದಿದ್ದವು. ಫೈಲು ಎಷ್ಟು ಉದ್ದ, ಒಂದು ಇನ್ನೊಂದಕ್ಕೆ ಎಷ್ಟು ಜೋತುಬಿದ್ದಿದೆ, ಬರೆದದ್ದನ್ನೇ ಎಷ್ಟು ಸಲ ಬರೆದಿದ್ದಾರೆ ಎಲ್ಲವನ್ನೂ ಎಣಿಸಿ ಕೊನೆಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಿದ್ದವು. ಪ್ರಕಾಶರಿಗೆ ಆ ಅಂಕ ಅಂದರೆ ಪ್ರಾಣ. "ಮೇಡಂ, ವರದಿ ಆಮೇಲೆ ಓದ್ತೀನಿ. ನಂಬರ್ ಎಷ್ಟು?" ಅನ್ನುತ್ತಿದ್ದರು. ನನಗೂ ಅದರ ಹುಚ್ಚು ಹಿಡಿಯಿತು. ದಿನಕ್ಕೆ ಎರಡು ಪ್ರೋಗ್ರಾಂಗೆ ಅಂಕ ಹಾಕುತ್ತಿದ್ದೆ. ಊಟಕ್ಕೆ ಕೂತರೆ ಸಾರಿಗೂ ಮನಸ್ಸಿನಲ್ಲೇ ಅಂಕ ಹಾಕುವಷ್ಟು ಏರಿತ್ತು.

ಆ ಅಮಲಿನಲ್ಲಿ ಇದ್ದಾಗಲೇ ಸೂಳೆಕೆರೆ ಕಾಲುವೆಯ ಕೆಲಸ ಬಂತು. ನೀರು ಬಳಕೆದಾರರ ಸಂಘದವರಿಗೆ ಸರದಿ ಪಟ್ಟಿ ಬೇಕಿತ್ತು. ಯಾರ ಗದ್ದೆಗೆ ಯಾವ ದಿನ, ಎಷ್ಟು ಗಂಟೆ ನೀರು ಅಂತ ತಿಳಿಸುವ ಪಟ್ಟಿ. ನನ್ನ ಮುಂದೆ ಎರಡು ಪ್ರೋಗ್ರಾಂ ಇದ್ದವು. ಒಂದು ಹೊರದೇಶದ ದೊಡ್ಡ ತಂಡ ಬರೆದದ್ದು. ಫೈಲುಗಳೆಲ್ಲ ಚಿಕ್ಕ ಚಿಕ್ಕವು, ಸಾಲುಗಳು ಅಕ್ಕಿ ಆರಿಸಿದಷ್ಟು ಸ್ವಚ್ಛ. ಟೂಲು ತೊಂಬತ್ತೊಂದು ಕೊಟ್ಟಿತು. ಇನ್ನೊಂದನ್ನು ಬರೆದವರು ಎಲ್ ಅನ್ನುವ ಒಂದೇ ಅಕ್ಷರದ ಹೆಸರಿಟ್ಟುಕೊಂಡಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಒಂದೊಂದು ಫಂಕ್ಷನ್ನೂ, ಅಂದರೆ ಒಂದು ಕೆಲಸಕ್ಕೆ ಅಂತ ಬರೆದ ಕೋಡಿನ ತುಂಡು, ಹೊನ್ನಾಳಿಯಿಂದ ಚನ್ನಗಿರಿಯಷ್ಟು ಉದ್ದ. ಹೆಸರುಗಳಂತೂ ತಲೆಬುಡ ಇಲ್ಲ. ಟ್ಯೂಬ್ ಅಂತ ಬರೆಯಲು ಹೋಗಿ ಎಲ್ಲ ಕಡೆ ಇಂಗ್ಲಿಷ್ ಅಕ್ಷರದಲ್ಲಿ 'tubu' ಅಂತ ತಪ್ಪಾಗಿ ಬರೆದಿದ್ದರು. 'eri' ಅಂತ ಇನ್ನೊಂದು. ಎರರ್ ಅನ್ನುವುದನ್ನು ಮೊಟಕು ಮಾಡಿದ್ದಾರೆ ಅಂದುಕೊಂಡೆ. ಟೂಲು ಕೊಟ್ಟ ಅಂಕ ನಲವತ್ತಮೂರು.

ಓಪನ್ ಸೋರ್ಸ್‌ನಲ್ಲಿ ಇನ್ನೊಂದು ಅನುಕೂಲ ಅಥವಾ ಅಪಾಯ ಇದೆ. ಪರಿಶೀಲನೆಯನ್ನೂ ಎಲ್ಲರಿಗೂ ಕಾಣುವಂತೆ ಅಲ್ಲೇ ಬರೆಯಬಹುದು. ನಾನು ಇಂಗ್ಲಿಷಿನಲ್ಲಿ ಬರೆದೆ. ಕಾಗುಣಿತ ತಿದ್ದಿಕೊಳ್ಳಿ, ಎರರ್ ಸಂಭಾಳಿಸುವ ಭಾಗ ಊರೆಲ್ಲ ಹರಡಿದೆ, ಒಟ್ಟಿನಲ್ಲಿ ಇದು ಪ್ರೋಗ್ರಾಂ ಅಲ್ಲ, ಗೋಣಿಚೀಲ ಅಂತ. ಬರೆದು ಸಂತೋಷವಾಗಿ ಒಂದು ಲೋಟ ಟೀ ಕುಡಿದೆ. ಮರುದಿನ ಎಲ್ ಅವರ ಉತ್ತರವೂ ಇಂಗ್ಲಿಷಿನಲ್ಲೇ ಬಂದಿತ್ತು. "ಧನ್ಯವಾದ. ಗೋಣಿಚೀಲದಲ್ಲಿ ಏನಿದೆ ಅಂತ ಒಮ್ಮೆ ಕೈ ಹಾಕಿ ನೋಡಿ." ಇದೇನು ಕೊಬ್ಬು ಅಂತ ಸುಮ್ಮನಾದೆ. ತೊಂಬತ್ತೊಂದರದ್ದನ್ನು ಹಾಕಿದೆವು. ಎರಡು ಹಂಗಾಮು ಸೊಗಸಾಗಿ ಓಡಿತು.

ಮೂರನೇ ಹಂಗಾಮಿಗೆ ಸಂಘದವರು ಸಭೆ ಮಾಡಿ ಒಂದು ತೀರ್ಮಾನ ತೆಗೆದುಕೊಂಡರು. ಪ್ರತಿ ಸಲ ಕಾಲುವೆಯ ತಲೆಯಲ್ಲಿ ಇರುವವರಿಗೆ ಮೊದಲು ನೀರು, ಕೊನೆಯವರಿಗೆ ಉಳಿದರೆ ನೀರು. ಈ ಸಲ ಕೊನೆಯಿಂದ ಶುರು ಮಾಡೋಣ. ಒಪ್ಪಿಸಲು ಅವರು ಪಟ್ಟ ಪಾಡು ಅವರಿಗೇ ಗೊತ್ತು. ಸೋಮವಾರ ಬೆಳಗ್ಗೆ ನೀರು ಬಿಡುವುದು ಅಂತಾಯಿತು. ಶುಕ್ರವಾರ ನನಗೆ ತಿಳಿಸಿದರು. "ಪಟ್ಟಿ ತಿರುಗಿಸಿ ಕೊಟ್ಬಿಡ್ರಿ ಮೇಡಂ, ಅಷ್ಟೇ."

ಅಷ್ಟೇ ಅಂದುಕೊಂಡು ನಾನೂ ಕೂತೆ. ತಲೆಯಿಂದ ಕೊನೆಗೆ ಅನ್ನುವ ಒಂದು ಮಾತು ಆ ಸುಂದರ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ, ಅದನ್ನು ತಿರುಗಿಸಿದರೆ ಆಯಿತು. ಇರಲಿಲ್ಲ. ಅದು ಮೂವತ್ತೊಂದು ಫೈಲಿನಲ್ಲಿ ಇತ್ತು. ದಿನ ಲೆಕ್ಕ ಹಾಕುವಲ್ಲಿ ಒಂದು ರೂಪ, ಪಟ್ಟಿ ಅಚ್ಚು ಹಾಕುವಲ್ಲಿ ಇನ್ನೊಂದು, ಫೋನಿಗೆ ಸಂದೇಶ ಕಳಿಸುವಲ್ಲಿ ಮತ್ತೊಂದು. ಬರೆದವರ ಊರಲ್ಲಿ ನೀರು ಯಾವಾಗಲೂ ತಲೆಯಿಂದಲೇ ಬರುತ್ತಿತ್ತೇನೋ. ಬೇರೆ ರೀತಿ ಆಗಬಹುದು ಅನ್ನುವ ಅನುಮಾನವೇ ಅವರಿಗೆ ಬಂದಿರಲಿಲ್ಲ. ಪ್ರತಿ ಫೈಲೂ ಚಿಕ್ಕದು, ಚೊಕ್ಕ. ಟೂಲು ಒಂದೊಂದನ್ನೇ ನೋಡಿ ಅಂಕ ಕೊಟ್ಟಿತ್ತು. ಎಲ್ಲದರಲ್ಲೂ ಒಂದೇ ನಂಬಿಕೆ ಅವಿತು ಕೂತದ್ದು ಅದಕ್ಕೆ ಕಾಣಲಿಲ್ಲ. ಕೋಡು ಓದಬೇಕಾದ ನಾನು ಅಂಕ ಓದಿದ್ದೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೊದಲ ಪಟ್ಟಿ ಹೊರಬಂತು. ಸಂಘದ ಪರವಾಗಿ ಹಾಲಮ್ಮ ಅನ್ನುವವರು ಪಟ್ಟಿ ಒಯ್ಯಲು ಬಂದಿದ್ದರು. ಕಾಲುವೆಯ ಕೊಟ್ಟಕೊನೆಯಲ್ಲಿ ಅವರದು ಒಂದೂವರೆ ಎಕರೆ ಭತ್ತದ ಗದ್ದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಅಮ್ಮಾ, ಗೌಡ್ರ ಗದ್ದೆ ಎರಡು ಸಲ ಐತೆ. ನಮ್ದು ಇಲ್ವೇ ಇಲ್ಲ. ಕೊನೆಯವ್ರಿಗೆ ಮೊದ್ಲು ಅಂತ ತಾನೆ ಆಗಿದ್ದು? ನಮ್ಮ ಗದ್ದೆ ಎಲ್ಲೋಯ್ತು?"

ಇಷ್ಟು ವರ್ಷಕ್ಕೆ ಒಂದು ಸಲ ಅವರ ಸರದಿ ಮೊದಲು ಬಂದಿತ್ತು, ಅದನ್ನು ನಾನು ನುಂಗಿದ್ದೆ. ತಿದ್ದಿದೆ. ಇನ್ನೊಂದು ಕಡೆ ಕೆಟ್ಟಿತು. ಅದನ್ನು ತಿದ್ದಿದೆ. ಇಡೀ ಪಟ್ಟಿ ಸತ್ತಿತು. ಹಾಲಮ್ಮ ಗೋಡೆಗೆ ಒರಗಿ ಕೂತು, ನನ್ನನ್ನು ಬೈಯದೆ, ಬಿಟ್ಟೂ ಹೋಗದೆ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದಿಕ್ಕು ತೋಚದೆ ಆ ಗೋಣಿಚೀಲವನ್ನು ತೆರೆದೆ. ಈ ಸಲ ಟೂಲಿಗೆ ಕೊಡದೆ ನಾನೇ ಮೇಲಿನಿಂದ ಓದಿದೆ. ಮೊದಲ ಫೈಲಿನ ಮೊದಲ ಸಾಲಿನಲ್ಲೇ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಇತ್ತು. "ನೀರಿನ ಕ್ರಮ ವರ್ಷ ವರ್ಷ ಬದಲಾಗುತ್ತದೆ. ಬದಲಾಗುವುದೆಲ್ಲ ಈ ಒಂದು ಫೈಲಿನಲ್ಲಿದೆ. ಉಳಿದದ್ದನ್ನು ಮುಟ್ಟಬೇಡಿ." ಕೆಳಗೆ ಕ್ರಮ ಅಂತ ಒಂದು ಸಾಲು. ಅದನ್ನು ತಿರುಗಿಸಿದೆ. ರೈತರ ಹೆಸರು, ಗದ್ದೆಯ ವಿವರ ಎಲ್ಲ ತುಂಬಿದೆ. ಪಟ್ಟಿ ಬಂತು. ನಂಬಿಕೆ ಬರದೆ ಜೋರಾಗಿ ಓದತೊಡಗಿದೆ. "ಹಾಲಮ್ಮ, ಸೋಮವಾರ ಬೆಳಗ್ಗೆ ಆರು ಗಂಟೆ, ಟ್ಯೂಬ್ ಮೂರು..."

"ಅದೇನ್ರಿ ಟ್ಯೂಬು" ಅಂದರು ಹಾಲಮ್ಮ. "ತೂಬು ಅನ್ರಿ. ಮೂರನೇ ತೂಬು ನಮ್ದೇ."

ನಾನು ಪರದೆಯನ್ನೇ ನೋಡಿದೆ. ತೂಬು. ಕೆರೆ, ಕಾಲುವೆಯಿಂದ ನೀರು ಬಿಡುವ ಕಂಡಿ. ಹುಟ್ಟಿದಾಗಿನಿಂದ ಕೇಳಿದ ಮಾತು. ಹಾಗಾದರೆ ಆ 'eri'? ಎರರ್ ಅಲ್ಲ, ಏರಿ. ಕೆರೆ ಏರಿ. ಇಂಟರ್ನೆಟ್ಟಿನಿಂದ ಬಂದದ್ದೆಲ್ಲ ಸಮುದ್ರದ ಆಚೆಯಿಂದಲೇ ಬರುತ್ತದೆ ಅಂತ ನಂಬಿ, ಕೆರೆ ಏರಿಯನ್ನು ತಪ್ಪು ಅಂತ ಬರೆದು, ತೂಬಿಗೆ ಕಾಗುಣಿತ ಹೇಳಿಕೊಟ್ಟು, ಲೋಕಕ್ಕೆಲ್ಲ ಕಾಣುವಂತೆ ಸಹಿ ಹಾಕಿದ್ದೆ. ನಗು ಶುರುವಾಯಿತು. ಎರಡು ದಿನದ ಭಯವೆಲ್ಲ ನಗುವಾಗಿ ಹೊರಟು, ಮೇಜಿನ ಮೇಲೆ ತಲೆಯಿಟ್ಟರೂ ನಿಲ್ಲಲಿಲ್ಲ. ಕಾರಣ ತಿಳಿಯದೆ ಹಾಲಮ್ಮನೂ ನಕ್ಕರು. ಕೆಂಚಮ್ಮ ಬಂದು ನೀರು ಕುಡಿಸಿದಳು. ಪ್ರಕಾಶ್ ಬಾಗಿಲಲ್ಲಿ ನಿಂತರು.

"ಏನಾಯ್ತು ಮೇಡಂ?"

"ಸಾರ್, ನಮ್ಮ ತೊಂಬತ್ತೊಂದು ಕೈಕೊಡ್ತು. ಸೋಮವಾರಕ್ಕೆ ನಲವತ್ತಮೂರರದ್ದನ್ನ ಹಾಕ್ಬೇಕು. ತಪ್ಪು ನಂದು. ನಾನು ಓದಿರಲಿಲ್ಲ."

ಅವರ ಮುಖ ಸಣ್ಣದಾಯಿತು. ನಂಬರು ಕೇಳಿ ಕೇಳಿ ನನ್ನನ್ನು ಹಾಗೆ ಮಾಡಿದವರು ಅವರೇ ಅಂತ ಅವರಿಗೂ ಹೊಳೆದಿರಬೇಕು. ಹಾಲಮ್ಮನ ಕಡೆ ತಿರುಗಿದರು. "ಪಟ್ಟೀಲಿ ನಿಮ್ಮ ಹೆಸರು ಸರಿ ಐತಾ?"

"ಮೊದಲ್ನೇದೇ ಐತೆ ಸಾಮಿ."

"ಹಂಗಾದ್ರೆ ಅದನ್ನೇ ಹಾಕ್ರಿ" ಅಂದರು. ಹೋಗುವಾಗ ನನಗೆ, "ಬರೆದಿದ್ದನ್ನ ಎಲ್ಲಿ ಬರೆದ್ರೋ ಅಲ್ಲೇ ತಿದ್ದಿ ಬರೀರಿ. ಕೆಳಗೆ ನನ್ನ ಹೆಸರೂ ಹಾಕ್ರಿ" ಅಂದರು. ಎಷ್ಟೋ ಮೇಲಧಿಕಾರಿಗಳನ್ನು ಕಂಡಿದ್ದೇನೆ. ತಪ್ಪೊಪ್ಪಿಗೆಗೆ ತಮ್ಮ ಹೆಸರನ್ನೂ ಸೇರಿಸಿ ಅಂದವರು ಅವರೊಬ್ಬರೇ.

ಬರೆದೆ, ಕನ್ನಡದಲ್ಲೇ. ನೀವು ಯಾರು, ಎಲ್ಲಿಯವರು ಅಂತಲೂ ಕೇಳಿದೆ. ಕನ್ನಡದಲ್ಲೇ ಉತ್ತರ ಬಂತು. "ಸೂಳೆಕೆರೆ ಪಕ್ಕದವಳು. ಬನ್ನಿ, ಮಾತಾಡೋಣ."

ಸೋಮವಾರ ಹಾಲಮ್ಮನ ಗದ್ದೆಗೆ ನೀರು ಹೋದದ್ದನ್ನು ಫೋನಿನಲ್ಲಿ ಕೇಳಿಕೊಂಡು, ಮಂಗಳವಾರ ಚನ್ನಗಿರಿಯಲ್ಲಿ ಬಸ್ಸು ಬದಲಿಸಿ ಆ ಎಲ್ ಅವರ ಮನೆಗೆ ಹೋದೆ. ಲಲಿತಮ್ಮ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಭುಜದ ಮೇಲೆ ಗುದ್ದಲಿ ಇಟ್ಟುಕೊಂಡು ನಿಂತ ಒಬ್ಬರ ಫೋಟೊ.

"ನಮ್ಮಪ್ಪ" ಅಂದರು. "ನೀರಗಂಟಿ ಆಗಿದ್ರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡ್ಬೇಕು ಅನ್ನೋದೆಲ್ಲ ಅವ್ರ ತಲೇಲೇ ಇತ್ತು. ಒಂದು ವರ್ಷ ಇದ್ದಂಗೆ ಇನ್ನೊಂದು ವರ್ಷ ಇರ್ತಿರ್ಲಿಲ್ಲ. ಮಳೆ ನೋಡಿ, ಬೆಳೆ ನೋಡಿ, ಜಗಳ ನೋಡಿ ಬದಲಾಯಿಸೋರು. ಗದ್ದೆ ಬದಲಾಗಲ್ಲ, ತೂಬು ಬದಲಾಗಲ್ಲ, ಕ್ರಮ ಒಂದೇ ಬದಲಾಗೋದು ಅನ್ನೋರು. ಅದನ್ನೇ ಬರೆದೆ. ಬರೆಯೋ ಕೈ ಚೆನ್ನಾಗಿಲ್ಲ, ಅದು ನಂಗೂ ಗೊತ್ತು."

"ಅವತ್ತೇ ಯಾಕೆ ಹೇಳ್ಲಿಲ್ಲ ಮೇಡಂ? ತೂಬು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಮೇಷ್ಟ್ರು ಕಣ್ರಿ ನಾನು. ಉತ್ತರ ಹೇಳಿಕೊಡೋ ಅಭ್ಯಾಸ ಇಲ್ಲ. ಕೈ ಹಾಕಿ ನೋಡಿ ಅಂದಿದ್ನಲ್ಲ." ಅಂದು ಒಳಗೆ ಹೋಗಿ ತಟ್ಟೆ ತುಂಬ ಮೀನು ಸಾರು ಮುದ್ದೆ ತಂದರು. "ನೀವು ತಿಂತೀರೋ ಇಲ್ವೋ ಕೇಳಲೇ ಇಲ್ಲ" ಅಂತ ಬಾಗಿಲಲ್ಲಿ ನಿಂತುಬಿಟ್ಟರು. ನಮ್ಮದು ಲಿಂಗಾಯತರ ಮನೆ, ಮೀನು ಮುಟ್ಟಿದವಳಲ್ಲ. ಅವರು ಮುದ್ದೆಗೆ ಬೇಳೆ ಸಾರು ಹಾಕಿಕೊಟ್ಟರು. ಅವರ ಮೀನಿಗೂ ನನ್ನ ಬೇಳೆಗೂ ಒಂದೇ ಮೇಜು. ಸಂಜೆಯ ಬಸ್ಸು ಬರುವತನಕ ಇಬ್ಬರೂ ಆ ಉದ್ದುದ್ದ ಫಂಕ್ಷನ್‌ಗಳನ್ನು ತುಂಡು ತುಂಡು ಮಾಡಿದೆವು. ಒಂದೊಂದು ತುಂಡು ಬೇರೆಯಾದಾಗಲೂ ಲಲಿತಮ್ಮ, "ಇದು ಸರಿ, ಇದಕ್ಕೆ ಅಂಕ ಕೊಡಬೌದು" ಅನ್ನುತ್ತಿದ್ದರು. ನಾನು ನಾಚಿ, ನಕ್ಕು, ಮತ್ತೆ ನಾಚಿ ಸಾಕಾದೆ. ಕಂಡವರ ಕೋಡಿಗೆ ಅಷ್ಟು ವರ್ಷ ಅಂಕ ಹಾಕಿದ್ದ ನಾನು ಒಂದು ಓಪನ್ ಸೋರ್ಸ್ ಪ್ರೋಗ್ರಾಮಿಗೆ ನಾಲ್ಕು ಸಾಲು ಬರೆದು ಕೊಟ್ಟದ್ದು ಅವತ್ತೇ ಮೊದಲು.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಕೋಡು ತೆರೆಯುವ ಮುಂಚೆ ಬಳಸುವವರ ಹತ್ತಿರ ಹೋಗಿ, "ನಿಮ್ಮಲ್ಲಿ ಹೋದ ವರ್ಷ ಇದ್ದದ್ದು ಈ ವರ್ಷ ಏನು ಬದಲಾಯ್ತು?" ಅಂತ ಕೇಳುವುದು. ಅವರು ಹೇಳಿದ ಒಂದು ಬದಲಾವಣೆಯನ್ನು ನಿಜವಾಗಿ ಮಾಡಿ ನೋಡುವುದು, ಎಷ್ಟು ಕಡೆ ಕೈ ಹಾಕಬೇಕಾಯಿತು ಅಂತ ಎಣಿಸುವುದು. ಇಷ್ಟೇ. ಜಗಳೂರು ತಾಲ್ಲೂಕಿನ ಸೊಕ್ಕೆಯ ಗ್ರಂಥಾಲಯವನ್ನು ನಾಗವೇಣಿ ಅನ್ನುವ ಹೆಣ್ಣುಮಗಳು ನೋಡಿಕೊಳ್ಳುತ್ತಿದ್ದಳು. ಅವಳನ್ನು ಕೇಳಿದೆ.

"ಪುಸ್ತಕ ಒಯ್ದೋರು ವಾಪಸ್ ತರಲ್ಲ ಮೇಡಂ" ಅಂದಳು. "ಬ್ಯಾರೆಯೋರು ತರ್ತಾರೆ. ಒಂದು ಮನೆಗೆ ಹೋಗಿದ್ದು ಮೂರು ಮನೆ ತಿರುಗಿ ಬರ್ತೈತೆ. ನಿಮ್ಮ ಪ್ರೋಗ್ರಾಂ ಒಯ್ದೋರನ್ನೇ ಕೇಳ್ತೈತೆ. ನಾನು ಸುಳ್ಳು ಹೆಸರು ಹಾಕಿ ಹಾಕಿ ಸಾಕಾಗೈತೆ."

ಮೂರು ಮನೆ ತಿರುಗುವ ಪುಸ್ತಕವನ್ನು ಒಪ್ಪುವ ಪ್ರೋಗ್ರಾಂ ಹುಡುಕುತ್ತಾ ನಾನೂ ಅವಳೂ ಏಳು ಪ್ರೋಗ್ರಾಂ ಬಿಚ್ಚಿದೆವು. ಏಳನೆಯದು ಎರಡೇ ಕಡೆ ಕೈ ಹಾಕಿದ್ದಕ್ಕೆ ಒಪ್ಪಿಕೊಂಡಿತು. ಇಬ್ಬರೂ ಕುಣಿಯುವುದೊಂದು ಬಾಕಿ. ಓದುತ್ತಾ ಕೂತಿದ್ದ ಹಿರಿಯರೊಬ್ಬರು ಪೇಪರ್ ಕೆಳಗಿಟ್ಟು, "ಗ್ರಂಥಾಲಯ ಇದು, ನಿಶ್ಶಬ್ದ" ಅಂತ ಗದರಿದರು. ಆಮೇಲೆ ನಾಗವೇಣಿ ಕೋಡು ಕಲಿಯತೊಡಗಿದಳು. ಮೊದಮೊದಲು ನನ್ನನ್ನು ಕೇಳುತ್ತಿದ್ದಳು, ಆಮೇಲೆ ಕೇಳುವುದು ಬಿಟ್ಟಳು.

ಈಗ ಇಡೀ ಪ್ರೋಗ್ರಾಮನ್ನು ಕ್ಷಣದಲ್ಲಿ ಓದಿ ಪುಟಗಟ್ಟಲೆ ತೀರ್ಪು ಬರೆಯುವ ಯಂತ್ರಗಳು ಬಂದಿವೆ. ಬಳಸಿ, ಬೇಡ ಅನ್ನುವುದಿಲ್ಲ. ಬರೆದದ್ದನ್ನೇ ಮತ್ತೆ ಬರೆದಿರುವುದನ್ನು ಅವು ನನ್ನ ಕಣ್ಣಿಗಿಂತ ಚೆನ್ನಾಗಿ ಹಿಡಿಯುತ್ತವೆ. ಆದರೆ ಹೋದ ವರ್ಷ ನಿಮ್ಮೂರಲ್ಲಿ ಏನು ಬದಲಾಯಿತು ಅಂತ ಕೇಳಿಕೊಂಡು ಬರಲು ಬಸ್ಸು ಹತ್ತಬೇಕಾದವರು ನೀವೇ.

ನಿವೃತ್ತಿಗೆ ಒಂದು ವಾರ ಇತ್ತು. ನನ್ನ ಪದ್ಧತಿಯನ್ನೇ ಒಂದು ಸಣ್ಣ ಟೂಲಾಗಿ ಬರೆದು ಎಲ್ಲರಿಗೂ ಸಿಗುವಂತೆ ಹಾಕಿದ್ದೆ. ಒಂದು ಬದಲಾವಣೆ ಹೇಳಿದರೆ ಎಷ್ಟು ಕಡೆ ಮುಟ್ಟಬೇಕಾಗುತ್ತದೆ ಅಂತ ಎಣಿಸಿ ಹೇಳುವ ಟೂಲು. ನನ್ನ ಜೀವಮಾನದ ಗಳಿಕೆ ಅಂತ ಒಳಗೊಳಗೇ ಉಬ್ಬಿದ್ದೆ. ಗುರುವಾರ ಬೆಳಗ್ಗೆ ಆಫೀಸಿಗೆ ಬಂದು ಕೂತರೆ ಅದರ ಮೇಲೊಂದು ಪರಿಶೀಲನೆ ಬಂದಿತ್ತು, ನಾಗವೇಣಿಯ ಹೆಸರಲ್ಲಿ.

"ಈ ಟೂಲಿಗೆ ಹೊಸ ತರದ ಒಂದು ಬದಲಾವಣೆ ಎಣಿಸಲು ಕಲಿಸೋಣ ಅಂತ ಹೋದೆ. ಹನ್ನೊಂದು ಕಡೆ ಮುಟ್ಟಬೇಕಾಯಿತು. ಈ ಟೂಲನ್ನು ಇದರ ಮೇಲೇ ಓಡಿಸಿದರೆ ಇದೇ ಫೇಲಾಗುತ್ತದೆ. ತಿದ್ದಿ ಕಳಿಸಿದ್ದೇನೆ, ನೋಡಿ."

ನಂಬದೆ ಓಡಿಸಿದೆ. ಹನ್ನೊಂದೇ. ಮೂರು ಕಡೆ ನಾನೇ ಬರೆದದ್ದನ್ನು ನಾನೇ ಮತ್ತೆ ಬರೆದಿದ್ದೆ. ಅವಳು ತಿದ್ದಿದ್ದನ್ನು ಸಾಲು ಸಾಲಾಗಿ ಓದಿದೆ. ನನ್ನ ಕೋಡಿನ ಮುಕ್ಕಾಲು ಪಾಲು ತೆಗೆದುಹಾಕಿದ್ದಳು. ಉಳಿದದ್ದು ಎಷ್ಟು ಸರಳವಾಗಿತ್ತು ಅಂದರೆ, ಇದನ್ನು ನಾನೇ ಬರೆಯಬೇಕಿತ್ತು ಅನ್ನುವ ಹೊಟ್ಟೆಕಿಚ್ಚು ಬರುವುದಕ್ಕೂ ಜಾಗ ಇರಲಿಲ್ಲ. ಓದಿ ಮುಗಿಯುವಷ್ಟರಲ್ಲಿ ಫೋನ್ ಬಂತು.

"ಮೇಡಂ, ನಾಗವೇಣಿ. ಓದಿದ್ರಾ? ಬೇಜಾರಾತಾ?"

ನಗು ಉಕ್ಕಿ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಯಾಕೆ ಮೇಡಂ ಸುಮ್ನಿದೀರಿ? ಎಲ್ಲರಿಗೂ ಕಾಣೋ ಹಂಗೆ ಬರೀಬಾರ್ದಿತ್ತಾ? ಅಳಿಸ್ಲಾ?"

"ಅಳಿಸಿದ್ರೆ ನೋಡು" ಅಂದೆ, ನಗುವಿನ ನಡುವೆ ಅಷ್ಟೇ ಹೊರಟಿತು.

ಒಪ್ಪಿಗೆಯ ಬಟನ್ ಒತ್ತಿದೆ. ಪರದೆಯ ಮೇಲೆ ನನ್ನ ಹೆಸರಿದ್ದ ಸಾಲುಗಳು ಒಂದೊಂದೇ ಕೆಂಪಾಗಿ ಹೋದವು, ಅವಳವು ಹಸಿರಾಗಿ ಬಂದವು. ಕುರ್ಚಿ ತಿರುಗಿಸಿಕೊಂಡು ಪ್ರಕಾಶರ ಕೋಣೆಗೆ ಕೇಳುವಂತೆ ಕೂಗಿದೆ. "ಸಾರ್, ನನ್ನ ಜಾಗಕ್ಕೆ ಯಾರು ಅಂತ ಕೇಳ್ತಿದ್ರಲ್ಲ. ಸೊಕ್ಕೆಗೆ ಒಂದು ಫೋನ್ ಮಾಡ್ರಿ."